ಹಡಗು ಹತ್ತುವವರ ಹನ್ನೊಂದು ಪ್ರಶ್ನೆ

ಶೆಟ್ಟಿಕೆರೆ
ಶನಿವಾರ, 18 ಜನವರಿ 2025

ಲೇ ಸೂರಿ,

ಕಾಗದ ಅಂದಮೇಲೆ ಕ್ಷೇಮ ಸಮಾಚಾರದ ಎರಡು ಸಾಲು ಮೊದಲು ಇರಬೇಕು. ಪೆನ್ನು ಹಿಡಿದು ಕೂತೆ, ಬರಲಿಲ್ಲ. ಪೂರ್ತಿ ಓದಿದ ಮೇಲೆ ನಾನು ಹೇಗಿದ್ದೇನೆ ಅನ್ನೋದು ನಿನಗೇ ಗೊತ್ತಾಗುತ್ತೆ ಬುಡು.

ನೀನು ನಿನ್ನ ಕೊಬ್ಬರಿ ಮಂಡಿಯ ತೂಕದ ಚೀಟಿಯ ಬೆನ್ನಿಗೆ ಬರೆದು, ನಮ್ಮೂರ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ ಹನ್ನೊಂದು ಪ್ರಶ್ನೆ ಸಂಕ್ರಾಂತಿಯ ಮಾರನೇ ದಿನ ತಲುಪಿದವು. “ಪರಿಚಯದವರೊಬ್ಬರು ಫೆಬ್ರವರಿಯಲ್ಲಿ ಮದ್ರಾಸಿನಿಂದ ಹಡಗು ಹತ್ತಿ ಸಿಲೋನು ನೋಡ್ಕೊಂಡು ಬರ್ತಾರಂತೆ, ನಿನ್ನ ನೋಟ್‌ಬುಕ್ಕಲ್ಲಿ ಎಲ್ಲಾ ಇದೆಯಲ್ಲ, ಒಂಚೂರು ನೋಡಿ ಬರೆದು ಕಳಿಸಪ್ಪ” ಅಂತ ಮೇಲೊಂದು ಸಾಲು. “ಮನಸ್ಸಿಗೆ ಬೇಜಾರು ಮಾಡ್ಕೋಬೇಡ” ಅಂತ ಕೆಳಗೊಂದು ಸಾಲು. ಆ ಕೆಳಗಿನ ಸಾಲು ಓದಿ, ನೋಡು ಸೂರಿ ಎಷ್ಟು ಸೂಕ್ಷ್ಮ, ವಿಮಲ ಹೋಗಿ ಎರಡೂವರೆ ತಿಂಗಳಾಗಿಲ್ಲ, ಹಡಗಿನ ಮಾತು ಎತ್ತೋಕೆ ಸಂಕೋಚಪಟ್ಟಿದ್ದಾನೆ ಅಂದುಕೊಂಡೆ. ಸೊಸೆ ಭಾನುಪ್ರಿಯಾಗೂ ಓದಿ ಹೇಳಿದೆ.

ಆ ಪರಿಚಯದವರು ಯಾರು ಅಂತ ಈಗ ನನಗೆ ಗೊತ್ತಾಗಿದೆ ಕಣ್ಲಾ. ನೀನು, ನಿನ್ನ ಮನೆಯವರು ಸರ್ವಮಂಗಳಮ್ಮ ಒಂದು ರೂಮು. ಅದರ ಪಕ್ಕದ ರೂಮು, ಯಾವುದು ನನಗೂ ನನ್ನ ಹೆಂಡತಿ ವಿಮಲಳಿಗೂ ಅಂತ ಗೊತ್ತು ಮಾಡಿದ್ದೆವೋ ಅದರಲ್ಲಿ ನಿನ್ನ ಷಡ್ಡಕ, ತುರುವೇಕೆರೆ ಮರುಳಪ್ಪ, ಮತ್ತು ಅವನ ಹೆಂಡತಿ.

ಸೋಮವಾರ ತಿಪಟೂರಿಗೆ ಹೋಗಿ ಟಿಕೆಟ್ ಮಾಡುವ ಯೋಗೀಶನ ಕೈಗೆ ಒಂದು ಅರ್ಜಿ ಕೊಡುವವನಿದ್ದೇನೆ. ನಮಗೆ ತಿಳಿಯದಂತೆ ನಮ್ಮ ಸಹಿ ತೆಗೆದುಕೊಂಡು ನಮ್ಮ ಜಾಗವನ್ನ ಬೇರೆಯವರಿಗೆ ಕೊಟ್ಟಿದ್ದಾರೆ ಅಂತ. ಬುಕ್ಕಿಂಗ್ ಮೊದಲಾಗಿದ್ದು ನನ್ನ ಹೆಸರಲ್ಲಿ. ಅಂಥ ಅರ್ಜಿ ಬಂದರೆ ವಿಚಾರಣೆ ಮುಗಿಯುವ ತನಕ ಎರಡು ರೂಮನ್ನೂ ತಡೆ ಹಿಡೀತಾರೆ ಅಂತ ಯೋಗೀಶನೇ ಬಾಯಿಬಿಟ್ಟ. ಹಡಗು ಹೊರಡೋದು ಫೆಬ್ರವರಿ ಇಪ್ಪತ್ತಕ್ಕೆ. ವಿಚಾರಣೆ ಅಷ್ಟರಲ್ಲಿ ಮುಗಿಯಲ್ಲ, ಹಡಗು ನಿಮಗಾಗಿ ನಿಲ್ಲಲ್ಲ. ಇದನ್ನ ನಿನಗೆ ಮೊದಲೇ ಹೇಳಿಬಿಡುತ್ತಿದ್ದೇನೆ. ಹಿಂದಿನಿಂದ ಮಾಡುವ ಕೆಲಸ ನನಗೆ ಬರಲ್ಲ.

ಹಾಗಂತ ನಿನ್ನ ಪ್ರಶ್ನೆಗಳಿಗೆ ಉತ್ತರ ಕೊಡದೆ ಬಿಡುವವನಲ್ಲ. ಕೇಳಿದ್ದೀಯ. ಐದು ವರ್ಷ ಆ ನೋಟ್‌ಬುಕ್ಕಿಗೆ ಕೂಡಿಸಿದ್ದೀನಿ. ಗೊತ್ತಿರೋದನ್ನ ಮುಚ್ಚಿಟ್ಟುಕೊಳ್ಳುವ ಬುದ್ಧಿ ನನಗಿಲ್ಲ. ಕೊನೆಯಲ್ಲಿ ನನ್ನದೂ ಒಂದು ಪ್ರಶ್ನೆ ಇದೆ. ಫೋನ್ ಮಾಡಬೇಡ, ಫೋನಿನಲ್ಲಿ ನೀನು ಮಾತು ಮರೆಸುತ್ತೀಯ. ಬರೆದು ಉತ್ತರ ಕೊಡು.

ಮೊದಲನೆಯದು ಪಾಸ್‌ಪೋರ್ಟ್. ವಾಪಸ್ಸು ಬರುವ ದಿನದಿಂದ ಮುಂದಕ್ಕೆ ಇನ್ನೂ ಆರು ತಿಂಗಳು ಅದರ ಆಯಸ್ಸು ಇರಬೇಕು. ಇಲ್ಲದಿದ್ದರೆ ಬಂದರಿನಿಂದಲೇ ಮನೆಗೆ ಕಳಿಸುತ್ತಾರೆ. ಟಿಕೆಟ್ಟಿನಲ್ಲಿರುವ ಹೆಸರು, ಪಾಸ್‌ಪೋರ್ಟಿನಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮ್ಮ ಕಡೆ ಇನಿಷಿಯಲ್ಲಿನ ಗೋಳು ಗೊತ್ತಲ್ಲ, ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬಿಡಿಸಿ ಅಪ್ಪನ ಹೆಸರು ಪೂರ್ತಿ. ಮರುಳಪ್ಪನದು ನೋಡಿಕೋ. ಪ್ರತಿಯೊಂದರ ಜೆರಾಕ್ಸ್ ಎರಡು, ಬೇರೆ ಬೇರೆ ಚೀಲದಲ್ಲಿ. ಸಿಲೋನಿನವರ ಪ್ರವೇಶದ ಅನುಮತಿ ಏನು, ಎಂತು ಅಂತ ಹೊರಡುವ ಮುಂಚೆ ಯೋಗೀಶನನ್ನ ಇನ್ನೊಂದು ಸಲ ಕೇಳು, ಅದು ಆಗಾಗ ಬದಲಾಗುತ್ತೆ.

ವಿಮಲ ಪಾಸ್‌ಪೋರ್ಟ್ ಫೋಟೋಗೆ ಮದುವೆ ಸೀರೆ ಉಟ್ಟು ಹೊರಟಿದ್ದಳು, ನಿನಗೆ ನೆನಪಿರಬೇಕು, ಸರ್ವಮಂಗಳಮ್ಮನೂ ಜೊತೆಗಿದ್ದರು. ನಗಬೇಡಿ ಮೇಡಂ, ಹಲ್ಲು ಕಾಣಬಾರದು ಅಂದಿದ್ದಾನೆ ಸ್ಟುಡಿಯೋದವನು. “ನಗಬಾರ್ದು ಅನ್ನೋದಾದ್ರೆ ಇದ್ಯಾವ ಸುಡುಗಾಡಿಗೆ ಕಳಿಸ್ತಿದೀಯಪ್ಪ ನಮ್ಮುನ್ನ” ಅಂದಳಂತೆ. ಅವನು ನಕ್ಕು ಕೈ ಅಲುಗಿಸಿ ಮೂರು ಫೋಟೋ ಹಾಳು ಮಾಡಿದ. ನಾಲ್ಕನೆಯದರಲ್ಲಿ ಸಿಟ್ಟು ಮಾಡಿಕೊಂಡ ಮುಖ. ಈಗ ಗೋಡೆಯ ಮೇಲೆ ದೊಡ್ಡದು ಮಾಡಿಸಿ ಹಾಕಿರುವುದು ಅದೇ. ಬೇರೆ ಒಳ್ಳೆ ಫೋಟೋ ಒಂದೂ ಸಿಗಲಿಲ್ಲ.

ರೂಮಿನ ವಿಚಾರ. ಕಿಟಕಿ ಬೇಕೋ ಬೇಡವೋ ಅಂತ ಕೇಳಿದ್ದೀಯ. ಕಿಟಕಿಗಿಂತ ಜಾಗ ಮುಖ್ಯ. ಹಡಗಿನ ಮೂತಿಯ ಕಡೆ ಬೇಡ, ಬಾಲದ ಕಡೆ ಬೇಡ, ತೀರಾ ಮೇಲಿನ ಅಂತಸ್ತೂ ಬೇಡ. ನಡುಮಧ್ಯೆ, ಕೆಳಗಿನ ಅಂತಸ್ತು. ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆ ಕೂತವನಿಗೂ ಹಿಂದೆ ಕಾಲು ಇಳಿಬಿಟ್ಟು ಕೂತವನಿಗೂ ಎಷ್ಟು ವ್ಯತ್ಯಾಸವೋ ಅಷ್ಟೇ ವ್ಯತ್ಯಾಸ ಇಲ್ಲೂ. ಊಟದ ಹಾಲಿನ ಕೆಳಗೆ, ಕುಣಿಯುವ ಹಾಲಿನ ಕೆಳಗೆ ರೂಮು ಕೊಟ್ಟರೆ ಒಪ್ಪಬಾರದು, ಮೇಲೆ ಕುರ್ಚಿ ಎಳೆದಾಡುತ್ತಾರೆ. ನಾವು ಆರಿಸಿದ್ದ ರೂಮುಗಳು ಈ ಲೆಕ್ಕಕ್ಕೆಲ್ಲ ಸರಿಯಾಗಿವೆ. ಮರುಳಪ್ಪನಿಗೆ ಏನೂ ತೊಂದರೆಯಾಗಲ್ಲ. ಸುಖವಾಗಿ ಮಲಗುತ್ತಾನೆ.

ವಾಂತಿಯ ಪ್ರಶ್ನೆ. ಸೀ ಸಿಕ್‌ನೆಸ್ ಅಂತ ಅದರ ಹೆಸರು. ಮಾತ್ರೆಯನ್ನ ಹಡಗು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೇ ಬರುತ್ತೆ. ನಿನಗೆ ಬಿಪಿ ಇದೆ, ನಿನ್ನ ಡಾಕ್ಟರನ್ನ ಕೇಳದೆ ಯಾವ ಮಾತ್ರೆಯನ್ನೂ ತಗೋಬೇಡ. ಹಸಿ ಶುಂಠಿಗೆ ಉಪ್ಪು ಹಚ್ಚಿ ಒಣಗಿಸಿದ್ದು ಒಂದು ಡಬ್ಬಿ ಇಟ್ಟುಕೋ. ತಲೆ ತಿರುಗಿದಾಗ ರೂಮಿನೊಳಗೆ ಕಣ್ಣು ಮುಚ್ಚಿ ಬೀಳಬಾರದು, ಮೇಲೆ ಹತ್ತಿ ದೂರದಲ್ಲಿ ನೀರು ಮುಗಿಲು ಕೂಡುವ ಗೆರೆ ನೋಡುತ್ತಾ ನಿಲ್ಲಬೇಕು. ಹೊಟ್ಟೆ ಬಿರಿಯ ತಿನ್ನಬಾರದು, ಖಾಲಿಯೂ ಬಿಡಬಾರದು.

ಈ ಖಾಲಿ ಬಿಡಬಾರದು ಅನ್ನೋದು ನೋಟ್‌ಬುಕ್ಕಿನಲ್ಲಿ ವಿಮಲ ಬರೆಸಿದ್ದು. ನಿನಗೆ ಗೊತ್ತು, ನೋಟ್‌ಬುಕ್ಕು ನನ್ನದಾದರೂ ಅರ್ಧ ತಲೆ ಅವಳದು. ಸಂಜೆ ಹಾಲು ಡೇರಿಗೆ ಹೋದ ಮೇಲೆ ಅವಳು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು, ನಾನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿರುವುದನ್ನ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಎಷ್ಟೋ ಪದ ನನಗೂ ತಿಳಿಯುತ್ತಿರಲಿಲ್ಲ. ಎಂಬಾರ್ಕೇಷನ್ ಅಂತ ಒಂದು, ಹಡಗು ಹತ್ತೋದು ಅಂತ ತಿಳಿಯೋಕೆ ಮೂರು ದಿನ ತಗೊಂಡೆ. ನಿನಗೂ ನನಗೂ ಬಿ.ಎ.ಯಲ್ಲಿ ಇಂಗ್ಲಿಷ್ ಕೈಕೊಟ್ಟು ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದ್ದನ್ನ ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ, ನೀನು ಹೇಳಿದ್ದರೆ ಗೊತ್ತಿಲ್ಲ. “ನಿಮಗೆ ಇಂಗ್ಲಿಷು ಎಲ್ಲಾ ಬರುತ್ತೆ ಬುಡ್ರೀ” ಅನ್ನುತ್ತಿದ್ದಳು. ನಿನ್ನ ಹನ್ನೊಂದು ಪ್ರಶ್ನೆಗಿಂತ ಅವಳ ಪ್ರಶ್ನೆಗಳು ಚೆನ್ನಾಗಿದ್ದವು. ಹಡಗಿನಲ್ಲಿ ಒಗೆದ ಬಟ್ಟೆ ಎಲ್ಲಿ ಒಣಗಿಸ್ತಾರೆ? ಅಷ್ಟು ಜನದ ಕೊಳೆನೀರು ಎಲ್ಲಿ ಬಿಡ್ತಾರೆ? ಅಲ್ಲೇ ಯಾರಾದ್ರೂ ತೀರಿಕೊಂಡ್ರೆ ಏನ್ ಮಾಡ್ತಾರೆ? ಮೊದಲನೆಯದಕ್ಕೆ ಉತ್ತರ ಇದೆ: ಬಚ್ಚಲಲ್ಲಿ ಎಳೆದು ಕಟ್ಟುವ ದಾರ ಇರುತ್ತೆ, ಹೊರಗಡೆ ಕಟಕಟೆಯ ಮೇಲೆ ಹರವುವಂತಿಲ್ಲ. ಸರ್ವಮಂಗಳಮ್ಮನಿಗೆ ಹೇಳು, ಬೇಗ ಒಣಗುವ ಸೀರೆ ತಗೊಂಡು ಬರಲಿ. ಮೇಲೊಂದು ಶಾಲು, ಒಳಗೆಲ್ಲ ಏಸಿ, ಕಿವಿಗೆ ಚಳಿ ಹೊಡೆಯುತ್ತೆ. ಒಂದು ದಿನ ಸೂಟುಬೂಟಿನ ಊಟ ಅಂತ ಮಾಡುತ್ತಾರೆ. ಸೂಟು ಹೊಲಿಸಬೇಡ. ಬಿಳಿ ಪಂಚೆ, ಬಿಳಿ ಷರ್ಟು, ಮೇಲೆ ಶಲ್ಯ ಹಾಕಿ ಕೂತರೆ ಯಾರೂ ಎಬ್ಬಿಸಲ್ಲ, ವಿಚಾರಿಸಿದ್ದೇನೆ. ಚಪ್ಪಲಿ ಬೇಡ, ಷೂ.

ಮಾತ್ರೆ, ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸನ್ನ ಬಂದರಿನಲ್ಲೇ ಅವರು ತೆಗೆದುಕೊಳ್ಳುತ್ತಾರೆ, ಅದು ರೂಮಿನ ಬಾಗಿಲಿಗೆ ಬರುವುದು ಸಾಯಂಕಾಲಕ್ಕೆ. ಎಲ್ಲಾ ಅದರಲ್ಲೇ ತುಂಬಿ, ಮಧ್ಯಾಹ್ನದ ಶುಗರ್ ಮಾತ್ರೆ ಸಿಗದೆ ಒದ್ದಾಡಿದವರ ಕಥೆ ಎಷ್ಟೋ ಓದಿದ್ದೇನೆ. ಇನ್ಷೂರೆನ್ಸ್ ಮಾಡಿಸು, ಹಡಗಿನ ಡಾಕ್ಟರು ಬಾಗಿಲು ತೆರೆದರೂ ದುಡ್ಡು. ಹಡಗು ಬಿಡುವ ಮುಂಚೆ ಲೈಫ್ ಜಾಕೆಟ್ಟು ಹಾಕಿಕೊಳ್ಳುವ ಅಭ್ಯಾಸ ಮಾಡಿಸುತ್ತಾರೆ, ಮರುಳಪ್ಪ ಇದೆಲ್ಲ ಮಕ್ಕಳಾಟ ಅಂತ ತಪ್ಪಿಸಿಕೊಳ್ಳದಿರಲಿ. ಮೊಬೈಲನ್ನ ವಿಮಾನದವರು ಹೇಳುವ ಹಾಗೆ ಮಾಡಿ ಇಟ್ಟುಬಿಡು, ಹಡಗಿನ ಸಿಗ್ನಲ್ ಹಿಡಿಯಿತು ಅಂದರೆ ಒಂದು ಹಲೋಗೆ ಒಂದು ಮೂಟೆ ಕೊಬ್ಬರಿ ಹೋಗುತ್ತೆ.

ಸಿಲೋನಿನಲ್ಲಿ ಇಳಿದಾಗ ಹಡಗಿನ ಗಡಿಯಾರ ನೋಡಿಕೊಂಡು ಇಳಿ. ಹತ್ತಬೇಕಾದ ವೇಳೆಗೆ ಒಂದು ಗಂಟೆ ಮುಂಚೆಯೇ ವಾಪಸ್ಸು ಬಂದಿರು. ಅವರದೇ ಬಸ್ಸಿನಲ್ಲಿ ಹೋದರೆ ಕಾಯುತ್ತಾರೆ, ನಿನ್ನ ಪಾಡಿಗೆ ಆಟೋ ಹಿಡಿದು ಹೋಗಿ ತಡ ಮಾಡಿದರೆ ಬಿಟ್ಟು ಹೊರಡುತ್ತಾರೆ. ದಡದ ಮೇಲೆ ನಿಂತು ಹಡಗು ಹೋಗುವುದನ್ನ ನೋಡಬೇಕಾಗುತ್ತೆ. ಅದು ಹೇಗಿರುತ್ತೆ ಅಂತ ಬೇಕಾದರೆ ನನ್ನನ್ನ ಕೇಳು.

ಊಟ. ನಾಲ್ಕೂ ಜನ ಸಸ್ಯಾಹಾರ ಅಂತ ಈಗಲೇ ಯೋಗೀಶನ ಕೈಲಿ ಬರೆಸು, ಅಲ್ಲಿ ಹೋಗಿ ಹೇಳಿದರೆ ಮೂರು ಹೊತ್ತೂ ಬೆಂದ ಕೋಸು. ಜೈನರ ಊಟ ಅಂತ ಬೇರೆ ಸಾಲು ಇರುತ್ತೆ, ಅದು ವಾಸಿ. ಮನೆಯಿಂದ ಮಾಡಿದ ಅಡುಗೆ ಬಿಡಲ್ಲ. ಚಟ್ನಿಪುಡಿ, ಹುರಿಹಿಟ್ಟು ಅಂಗಡಿಯ ಸೀಲಿರುವ ಪೊಟ್ಟಣದಲ್ಲಿದ್ದರೆ ಬಹಳ ಮಟ್ಟಿಗೆ ಬಿಡುತ್ತಾರೆ. ಲಿಂಗಪೂಜೆಗೆ ವಿಭೂತಿ ಒಯ್ಯಬಹುದು. ಊದುಬತ್ತಿ, ಕರ್ಪೂರ, ದೀಪ ಹಚ್ಚುವಂತಿಲ್ಲ, ಸೂರಿನಲ್ಲಿ ಹೊಗೆ ಮೂಸುವ ಬಿಲ್ಲೆ ಇರುತ್ತೆ, ಹಡಗೆಲ್ಲ ಗಂಟೆ ಹೊಡೆಯುತ್ತೆ. ಪತ್ರೆ, ಹೂವನ್ನ ಹೊರದೇಶದ ನೆಲಕ್ಕೆ ಇಳಿಸುವಂತಿಲ್ಲ. ಬರೀ ನೀರಿನಲ್ಲೇ ಪೂಜೆ ಮುಗಿಸು.

ಹಡಗಿನ ಮುಂದೆ ಒಂದು ಕಾಯಿ ಒಡೆಯಬಹುದಾ, ಒಂದು ಚೀಲ ಉಂಡೆ ಕೊಬ್ಬರಿ ಕ್ಯಾಪ್ಟನ್‌ಗೆ ಕಾಣಿಕೆ ಕೊಡಬಹುದಾ ಅಂತ ಇದೆಯಲ್ಲ, ಅದನ್ನ ಓದಿ ನಕ್ಕೆ. ಗುರುವಾರಕ್ಕೆ ಮುಂಚೆ ಓದಿದ್ದಾದ್ದರಿಂದ ನಗು ಬಂತು. ಈಗ ತಿಳಿಯುತ್ತೆ, ಇದು ಮರುಳಪ್ಪನ ಪ್ರಶ್ನೆ. ಕಾಯಿಯನ್ನ ತಿಪಟೂರು ಸ್ಟೇಷನ್ನಿನಲ್ಲೇ ಒಡೆದು ರೈಲು ಹತ್ತಿ. ಬಂದರಿನಲ್ಲಿ ಒಡೆದರೆ ಪೊಲೀಸರು ಬರುತ್ತಾರೆ. ಕೊಬ್ಬರಿ ಬೇಡ. ವಿಮಾನದಲ್ಲಂತೂ ಒಣಕೊಬ್ಬರಿಗೆ ಜಾಗವೇ ಇಲ್ಲ, ಎಣ್ಣೆ ಇರುತ್ತೆ, ಬೆಂಕಿ ಹತ್ತುತ್ತೆ ಅಂತ. ಹಡಗಿನವರೂ ಚೀಲ ಬಿಚ್ಚಿಸಿ ಪಕ್ಕಕ್ಕಿಡುತ್ತಾರೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದು ಆದ ಸರಕು ಮದ್ರಾಸಿನ ಯಾವುದೋ ಕಸದ ಬುಟ್ಟಿಗೆ ಬೀಳುತ್ತೆ.

ಅಟ್ಟ ಅಂದಾಗ ನೆನಪಾಯಿತು. ಕೆರೆಯ ಕಡೆಯ ಬೇಲಿ ಸಾಲಿನ ನಲವತ್ತು ಮರಕ್ಕೆ ಹಡಗಿನ ಸಾಲು ಅಂತ ಹೆಸರಿಟ್ಟವಳು ಅವಳು. ಹಡಗಿನ ಖರ್ಚಿಗೆ ಅಂತ ಎತ್ತಿಟ್ಟ ಆ ಸಾಲಿನ ಕಾಯಿಯಲ್ಲಿ ಮನೆಯ ಚಟ್ನಿಗೂ ಒಂದನ್ನ ಮುಟ್ಟಗೊಡುತ್ತಿರಲಿಲ್ಲ. ಹೋದ ಫೆಬ್ರವರಿಯಲ್ಲಿ ಅವಳೇ ನಿಂತು ಅಟ್ಟಕ್ಕೆ ಹಾಕಿಸಿದ ಕಾಯಿ ಈಗ ಒಣಗಿ ಚಿಪ್ಪು ಬಿಟ್ಟಿವೆ, ಅಲುಗಿಸಿದರೆ ಒಳಗೆ ಗುಂಡು ಹೊರಳುವ ಸದ್ದು. ಮಗ ಇಳಿಸೋಣ ಅಂತ ಎರಡು ಸಲ ಕೇಳಿದ. ಇರಲಿ ಅಂದೆ.

ನಿನ್ನ ಪ್ರಶ್ನೆಗಳು ಮುಗಿದವು ಅಂತ ಕಾಣುತ್ತೆ. ಒಂದೆರಡು ಬಿಟ್ಟಿರಬಹುದು.

ಈಗ ಗುರುವಾರದ ಮಾತು. ನೋಟ್‌ಬುಕ್ಕಿನಲ್ಲಿ ಬರೆದಿದ್ದು ಹಳೆಯದಾಗಿರಬಹುದು, ನಿಯಮ ಬದಲಾಗಿರಬಹುದು, ಸೂರಿಯ ಪರಿಚಯದವರಿಗೆ ತಪ್ಪು ಹೇಳಬಾರದು ಅಂತ ನಾನು ಬೆಳಿಗ್ಗೆ ಬಸ್ಸು ಹತ್ತಿ ಯೋಗೀಶನ ಅಂಗಡಿಗೆ ಹೋದೆ. ನಿನಗೆ ಸಹಾಯ ಮಾಡೋಕೆ ಹೋದೆ ಕಣ್ಲಾ! ಅವನು ನನ್ನ ಮುಖ ನೋಡಿದವನೇ ಕುರ್ಚಿ ಎಳೆದು, “ಬನ್ನಿ ಸಾರ್, ನಿಮ್ಮ ಎರಡೂ ಕ್ಯಾಬಿನ್ ಕನ್‌ಫರ್ಮ್ ಆಯ್ತು” ಅಂದ. ಆಮೇಲೆ ನಾಲಿಗೆ ಕಚ್ಚಿಕೊಂಡ. “ಅಯ್ಯೋ, ನಿಮ್ದು ಟ್ರಾನ್ಸ್‌ಫರ್ ಆಯ್ತಲ್ಲ, ಮರುಳಪ್ಪೋರಿಗೆ” ಅಂದ. ಯಾವ ಟ್ರಾನ್ಸ್‌ಫರು, ಎಲ್ಲಾ ಕ್ಯಾನ್ಸಲ್ ಆಗಿದೆಯಲ್ಲ ಅಂದೆ. ಅವನು ಫೈಲು ತೆಗೆದು ಮುಂದಿಟ್ಟ.

ಕ್ಯಾನ್ಸಲ್ ಅಂತ ನನಗೆ ಹೇಳಿದವನು ಯಾರು? ವಿಮಲಳ ಶಿವಗಣಾರಾಧನೆಯ ದಿನ, ಪಂಕ್ತಿ ಎದ್ದ ಮೇಲೆ, ತೋಟದ ಬದುವಿನ ಮೇಲೆ ನನ್ನನ್ನ ಕರೆದುಕೊಂಡು ಹೋಗಿ, “ನಾಲ್ಕೂ ಜನದ್ದೂ ಕ್ಯಾನ್ಸಲ್ ಮಾಡಿಸ್ಬುಟ್ಟೆ ಕಣ್ಲಾ, ವಿಮಲಮ್ಮ ಇಲ್ಲದ ಮೇಲೆ ನಮಗ್ಯಾತರ ಹಡಗು” ಅಂದವನು ನೀನು. ನಾನು ನಿನ್ನ ಹೆಗಲು ಹಿಡಿದು ಅತ್ತೆ. ನಲವತ್ತೆಂಟು ವರ್ಷದ ಸ್ನೇಹ ಅಂದರೆ ಇದು ಅಂತ ಅತ್ತೆ. ನೀನೂ ಅತ್ತೆ. ಅದು ಯಾವುದಕ್ಕೆ ಅತ್ತಿದ್ದು ಅಂತ ಈಗ ಯೋಚನೆ ಮಾಡುತ್ತೇನೆ.

ಫೈಲಿನಲ್ಲಿ ಒಂದೇ ಹಾಳೆ. ಮೇಲರ್ಧ, ನಾವು ನಮ್ಮ ಜಾಗ ಬಿಟ್ಟುಕೊಡುತ್ತೇವೆ ಅಂತ. ವಿ ಹಿಯರ್‌ಬೈ ವಿತ್‌ಡ್ರಾ. ಅದರ ಕೆಳಗೆ ನನ್ನ ಸಹಿ, ನನ್ನ ಸಹಿಯ ಕೆಳಗೆ ವಿಮಲಳ ಸಹಿ. ಕೆಳಗಿನ ಅರ್ಧ, ಇನ್ ಫೇವರ್ ಆಫ್ ಅಂತ, ಅಲ್ಲಿ ಮರುಳಪ್ಪ, ಅವನ ಹೆಂಡತಿಯ ಹೆಸರು, ನಿನ್ನ ಕೈಬರಹ. ನಿನ್ನ ಇಂಗ್ಲಿಷ್ ಅಕ್ಷರ ಕಾಲೇಜಿನಿಂದಲೂ ಗಾಳಿಗೆ ಬಾಗಿದ ಹಾಗೇ ಇವೆ, ನನಗೆ ಯಾರೂ ತೋರಿಸಬೇಕಾಗಿಲ್ಲ. ತಾರೀಕು ಅಕ್ಟೋಬರ್ ಇಪ್ಪತ್ತೊಂದು.

ಅವಳು ಹೋಗಿದ್ದು ನವೆಂಬರ್ ಐದಕ್ಕೆ, ಸೂರಿ. ಹದಿನೈದು ದಿನ. ಅವಳು ಇನ್ನೂ ಗಂಜಿ ಕುಡಿಯುತ್ತಿದ್ದಳು. ಎಮ್ಮೆ ಕರು ಹಾಕ್ತಾ ಅಂತ ಕೇಳುತ್ತಿದ್ದಳು. ಅವಳು ಬದುಕಿರುವಾಗಲೇ ಅವಳ ಹಾಸಿಗೆಯನ್ನ ಬೇರೆಯವರಿಗೆ ಹಾಸಿಕೊಟ್ಟೆ.

ಇನ್ನೂ ಒಂದು ಮಾತು ಯೋಗೀಶ ಹೇಳಿದ, ಪಾಪ, ಅವನಿಗೆ ಇದರ ಒಳಗೇನೂ ಗೊತ್ತಿಲ್ಲ. ಆ ಸಾಯಂಕಾಲ ನೀನು ಅವಳಿದ್ದ ಹಾಸನದ ಆಸ್ಪತ್ರೆಯಿಂದ ನೇರ ಅವನ ಅಂಗಡಿಗೆ ಬಂದಾಗ ಮರುಳಪ್ಪ ಅಲ್ಲೇ ಬೆಂಚಿನ ಮೇಲೆ ಪಾಸ್‌ಪೋರ್ಟ್ ಜೆರಾಕ್ಸ್ ಹಿಡಿದು ಕಾದಿದ್ದನಂತೆ. ಕಾಫಿ ಕುಡಿದನಂತೆ.

ಆವತ್ತು ನೀನು ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಎಳನೀರು ತಂದಿದ್ದೆ. ಆಸ್ಪತ್ರೆಯವರು ಕೊಟ್ಟಿದ್ದ ಕಾಗದಗಳು ಮಂಚದ ಮೇಲೆ ಹರಡಿದ್ದವು, ಸ್ಕ್ಯಾನಿಂಗಿಗೊಂದು, ರಕ್ತಕ್ಕೊಂದು, ಆರೋಗ್ಯ ಕಾರ್ಡಿನದೊಂದು. ನೀನು ಅವನ್ನೆಲ್ಲ ಒಟ್ಟುಮಾಡಿ, ಪ್ಯಾಡಿಗೆ ಸಿಕ್ಕಿಸಿ, ಇದೊಂದನ್ನೂ ಜೊತೆಗೆ ಸೇರಿಸಿ, “ಇವಕ್ಕೆಲ್ಲ ಸಹಿ ಮಾಡಿ ಇಟ್ಟಿರು, ಇಬ್ಬರದೂ ಬೇಕು ಕೆಲವಕ್ಕೆ, ನಾನು ಕೆಳಗೆ ಹೋಗಿ ಮಾತ್ರೆ ತತ್ತೀನಿ” ಅಂತ ಹೊರಟುಹೋದೆ. ನಾನು ಸಹಿ ಮಾಡಿದೆ. ಓದಲಿಲ್ಲ. ಅವಳಿಗೂ ಪ್ಯಾಡು ಕೊಟ್ಟೆ, ಅವಳೂ ಮಾಡಿದಳು.

ಯಾಕೆ ಓದಲಿಲ್ಲ ಅಂತ ಯಾರಾದರೂ ಕೇಳಬಹುದು, ನೀನು ಕೇಳುವಂತಿಲ್ಲ. ಮೂವತ್ತು ವರ್ಷದಿಂದ ನಿನ್ನ ಮಂಡಿಗೆ ಕೊಬ್ಬರಿ ಹಾಕುತ್ತಿದ್ದೇನೆ. ತೂಕ ಆದ ಮೇಲೆ ಆವತ್ತಿನ ದರದ ಟೆಂಡರ್ ತೆರೆಯುವವರೆಗೆ ಕಾದರೆ ನನ್ನ ಐದು ಗಂಟೆಯ ಬಸ್ಸು ತಪ್ಪುತ್ತೆ. ಅದಕ್ಕೆ ದರದ ಜಾಗ ಖಾಲಿ ಬಿಟ್ಟ ಚೀಟಿಗೇ ನಾನು ಸಹಿ ಹಾಕಿ ಎದ್ದು ಬರುತ್ತೇನೆ, ನೀನು ಆಮೇಲೆ ತುಂಬುತ್ತೀಯ. ನಮ್ಮೂರಿನ ಅರ್ಧ ಜನ ಹಾಗೇ ಮಾಡುವುದು. ಬೇರೆ ಕಡೆಯವರಿಗೆ ಹೇಳಿದರೆ ನಗುತ್ತಾರೆ, ಖಾಲಿ ಕಾಗದಕ್ಕೆ ಸಹಿ ಹಾಕ್ತೀರಾ ಅಂತ. ಮಂಡಿಯವನು ಯಾರು ಅಂತ ನೋಡಿ ಹಾಕ್ತೀವಿ ಅಂತ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಮೂವತ್ತು ವರ್ಷದಲ್ಲಿ ಆ ಖಾಲಿ ಜಾಗದಲ್ಲಿ ನೀನು ಒಂದು ಸಲವೂ ತಪ್ಪು ಬರೆದಿಲ್ಲ. ಆ ನಂಬಿಕೆಯನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಬಂದೆಯಲ್ಲ, ಆ ಖಾಲಿ ಜಾಗದಲ್ಲಿ ಷಡ್ಡಕನ ಹೆಸರು ತುಂಬಿದೆಯಲ್ಲ.

ನನಗೆ ಬೇಕಾದರೆ ನೇರ ಹೇಳಬಹುದಾಗಿತ್ತು. ಜೋಡಿ ಜೋಡಿ ಹೋಗುವ ಕಡೆ ಒಂಟಿ ಮುದುಕನ ಮುಖ ನೋಡಿಕೊಂಡು ಐದು ದಿನ ಹೇಗೆ ಕಳೆಯುವುದು ಅಂತ ಸರ್ವಮಂಗಳಮ್ಮನಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. “ಬತ್ತೀಯೇನ್ಲಾ, ಬರಲ್ವೇನ್ಲಾ” ಅಂತ ನೀನು ಒಂದು ಮಾತು ಕೇಳಿದ್ದರೆ, ಬರಲ್ಲ ಹೋಗಪ್ಪ ಅಂತ ನಾನೇ ಹೇಳುತ್ತಿದ್ದೆ. ನೋಟ್‌ಬುಕ್ಕನ್ನೂ ಕೊಟ್ಟು ಕಳಿಸುತ್ತಿದ್ದೆ.

ಈಗ ನನ್ನ ಪ್ರಶ್ನೆ. ಇದೊಂದೇ.

ಆವತ್ತು ಮಧ್ಯಾಹ್ನದವರೆಗೂ ಅವಳು ಹಡಗಿನ ಮಾತು ಆಡುತ್ತಿದ್ದಳು. ನರ್ಸುಗಳಿಗೆಲ್ಲ ಹೇಳಿದ್ದಳು, ಫೆಬ್ರವರಿಗೆ ನಾನು ಸಿಲೋನಿಗೆ ಹೋಗೋಳು, ಬೇಗ ಬಿಡ್ರಮ್ಮ ಅಂತ. ಆ ಸಾಯಂಕಾಲದಿಂದ ನಿಲ್ಲಿಸಿಬಿಟ್ಟಳು. ಹದಿನೈದು ದಿನ, ಕೊನೆಯ ಉಸಿರಿನ ತನಕ, ಹಡಗು ಅನ್ನುವ ಪದ ಅವಳ ಬಾಯಿಂದ ಬರಲಿಲ್ಲ. ನಾನಾಗಿ ಎತ್ತಿದರೆ, “ಆಯಾಸ ಆಗುತ್ತೆ, ಬುಡ್ರೀ” ಅಂತ ಗೋಡೆ ಕಡೆ ತಿರುಗುತ್ತಿದ್ದಳು. ಅಂದರೆ ಯಾರೋ ಅವಳಿಗೆ ಹೇಳಿದ್ದಾರೆ. ಮಾತ್ರೆ ತಂದುಕೊಟ್ಟ ಮೇಲೆ ನಾನು ಎಳನೀರಿನ ಲೋಟ ತೊಳೆಯೋಕೆ ಹೋಗಿದ್ದೆ, ಐದು ನಿಮಿಷ ನೀನೊಬ್ಬನೇ ಅವಳ ಹತ್ತಿರ ಇದ್ದೆ. ಆ ಐದು ನಿಮಿಷದಲ್ಲಿ ಅವಳಿಗೆ ಏನು ಹೇಳಿದೆ? ನಿಮ್ಮ ಜಾಗ ಕೊಟ್ಟುಬಿಟ್ಟೆವು ಅಂತ ಹೇಳಿದೆಯಾ? ರೇಣುಕಪ್ರಸಾದನಿಗೆ ಹೇಳಬೇಡಿ ಅಂತ ಮಾತು ತಗೊಂಡೆಯಾ? ಸಾಯುವವಳ ಮುಂದೆ ಆ ಮಾತಾಡೋಕೆ ನಿನಗೆ ಹೇಗೆ ಬಾಯಿ ಬಂತು ಅನ್ನುವುದಷ್ಟೇ ನನಗೆ ಬೇಕು. ಉಳಿದಿದ್ದು ಅರ್ಜಿಯಲ್ಲಿರುತ್ತೆ.

ನಿನ್ನ ಉತ್ತರ ಬರಲಿ, ಬಾರದಿರಲಿ, ಸೋಮವಾರ ಹತ್ತೂವರೆಗೆ ನಾನು ಯೋಗೀಶನ ಅಂಗಡಿಯಲ್ಲಿರುತ್ತೇನೆ.

ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದವನು, ಈಗ ಏನಾಗಬೇಕು ಅಂತ ಬರೆಯಲು ಪದ ತಿಳಿಯದವನು,

ರೇಣುಕಪ್ರಸಾದ

ತಾ.ಕ.

ಭಾನುವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಕವರಿಗೆ ಇನ್ನೂ ಅಂಟು ಹಚ್ಚಿರಲಿಲ್ಲ.

ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು ಅಂದಿದ್ದ ಯೋಗೀಶ. ಕಾಫಿ ಕುಡಿದು ಕೂತೆ. ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್, ಐ ಬೆಗ್ ಟು ಸ್ಟೇಟ್ ದಟ್ ಅಂತ ಶುರುವಾಗುವುದು ಇನ್ನೂ ಬಾಯಿಪಾಠ ಇದೆ. ಅಲ್ಲಿಂದ ಮುಂದೆ, ಈ ಸಹಿ ನನಗೆ ತಿಳಿಯದಂತೆ ತೆಗೆದುಕೊಂಡದ್ದು ಅಂತ ಬರಬೇಕು. ವಿದೌಟ್ ಮೈ ನಾಲೆಜ್. ಮೂರು ಹಾಳೆ ಹರಿದೆ. ನಿನಗೆ ಬರೆದ ಈ ಕಾಗದದಲ್ಲಿ ಕನ್ನಡದಲ್ಲಿ ಸುಳ್ಳು ಹೇಳಲು ನನಗೆ ಬಂತು, ಆ ಅರ್ಜಿಯಲ್ಲಿ ಬರಲಿಲ್ಲ.

ಓದಿದ್ದೆ ಸೂರಿ.

ಆವತ್ತು ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು, ಅವಳ ಮಂಚದ ಪಕ್ಕದಲ್ಲೇ ನಿಂತು, ಅವಳಿಗೆ ತಿಳಿಯದಿರಲಿ ಅಂತ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಎ ಮ್ಯಾಟರ್ ಆಫ್ ವೀಕ್ಸ್ ಅಂದರು, ಇನ್ನುಳಿದಿರುವುದು ವಾರಗಳ ಲೆಕ್ಕ ಅಂತ. ನಾನು ಯೆಸ್ ಸರ್, ಯೆಸ್ ಸರ್ ಅಂದೆ. ಏನಂದ್ರು ಅಂತ ಅವಳು ಕೇಳಿದಳು. ಇನ್ನು ಕೆಲವು ವಾರದಲ್ಲಿ ಮನೆಗೆ ಕಳಿಸ್ತಾರಂತೆ ಅಂದೆ. ಅದನ್ನೇ ನಂಬಿ ನರ್ಸುಗಳಿಗೆಲ್ಲ ಸಿಲೋನಿನ ಕಥೆ ಹೇಳಿದ್ದಳು.

ನೀನು ಪ್ಯಾಡು ಕೊಟ್ಟು ಕೆಳಗೆ ಹೋದ ಮೇಲೆ ನನ್ನ ಕನ್ನಡಕ ಮಂಜಾಗಿತ್ತು. ಅವಳೇ ಕೇಳಿ ಇಸಕೊಂಡು ಸೆರಗಿನಲ್ಲಿ ಒರೆಸಿ ಕೊಟ್ಟಳು. ಮೂರನೆಯ ಹಾಳೆ ಅದು. ವಿತ್‌ಡ್ರಾ ಅಂತ ಇದ್ದಿದ್ದನ್ನ ಒಂದಲ್ಲ, ಎರಡು ಸಲ ಓದಿದೆ. ಕೆಳಗೆ ಖಾಲಿ ಇತ್ತು, ಅಲ್ಲಿ ನೀನು ಯಾರ ಹೆಸರು ತುಂಬುತ್ತೀಯ ಅಂತ ನನಗೆ ಗೊತ್ತಿರಲಿಲ್ಲ, ಅದು ಮಾತ್ರ ನಿಜ. ಅದಕ್ಕೂ, ಕ್ಯಾನ್ಸಲ್ ಅಂತ ಹೇಳಿದ್ದಕ್ಕೂ ನಿನ್ನನ್ನ ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಆದರೆ ಅವಳು ಬರಲ್ಲ ಅಂತ ಬರೆದಿದ್ದ ಕಾಗದಕ್ಕೆ, ಅವಳ ಮುಂದೆಯೇ, ತಿಳಿದೇ ಸಹಿ ಹಾಕಿದವನು ನಾನು. ಆಮೇಲೆ ಪ್ಯಾಡನ್ನ ಅವಳ ಎದೆಯ ಹತ್ತಿರ ಹಿಡಿದು, ಇಲ್ಲಿ ಮಾಡು ಅಂತ ಬೆರಳಿಟ್ಟು ತೋರಿಸಿದವನೂ ನಾನೇ. ಏನಿದು ಅಂದಳು. ಸ್ಕ್ಯಾನಿಂಗಿನದು ಅಂದೆ. ಇಂಗ್ಲಿಷಿನಲ್ಲಿದೆ, ಅವಳಿಗೆಲ್ಲಿ ತಿಳಿಯುತ್ತೆ ಅಂದುಕೊಂಡೆ.

ನಾನು ಕೇಳಿದ ಪ್ರಶ್ನೆಗೆ ನೀನು ಉತ್ತರ ಕೊಡಬೇಕಾಗಿಲ್ಲ. ಆ ಐದು ನಿಮಿಷದಲ್ಲಿ ನೀನೇನೂ ಹೇಳಿರಲಾರೆ. ಅರ್ಜಿಯೂ ಇಲ್ಲ. ಹೋಗಿ ಬನ್ನಿ.

ಆ ಹಾಳೆಯ ನೆತ್ತಿಯ ಮೇಲೆ, ಕಂಪನಿಯ ಹೆಸರಿನ ಪಕ್ಕ, ನೀಲಿ ಬಣ್ಣದಲ್ಲಿ ಒಂದು ಹಡಗಿನ ಚಿತ್ರ ಅಚ್ಚಾಗಿದೆ, ನೋಡಿದ್ದೀಯಾ? ಹೆಬ್ಬೆರಳಿನ ಉಗುರಿನಷ್ಟು. ಕೆಳಗೆ ಮೂರು ಅಲೆ. ಅವಳು ಪೆನ್ನು ಹಿಡಿಯುವ ಮೊದಲು ಅದರ ಮೇಲೆ ಒಂದು ಸಲ ಬೆರಳಾಡಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ಮತ್ತೇನೂ ಕೇಳದೆ ಸಹಿ ಮಾಡಿದಳು.